ದಾಖಲಾತಿ ಮೊದಲು, ದಾಖಲೆ ಆಮೇಲೆ

2021ರ ಆಗಸ್ಟ್ ಕೊನೆಯಲ್ಲಿ ಮಿಜೋರಾಂನ ಶಾಲಾ ಶಿಕ್ಷಣ ನಿರ್ದೇಶನಾಲಯ ತನ್ನ ಜಿಲ್ಲಾ ಮತ್ತು ಉಪವಿಭಾಗಗಳ ಶಿಕ್ಷಣಾಧಿಕಾರಿಗಳಿಗೆ ಒಂದು ಪತ್ರ ಬರೆಯಿತು. ಮ್ಯಾನ್ಮಾರ್‌ನಿಂದ ಓಡಿಬಂದವರ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ, ಆರರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿರುವುದು ಇವರಿಗೂ ಸಲ್ಲುತ್ತದೆ ಎಂಬುದು ಅದರ ಸಾರ. ಆ ವರ್ಷದ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತ್ತು. ಚಿನ್ ಪ್ರಾಂತ್ಯದ ಸಾವಿರಾರು ಜನ ತಿಯಾವ್ ಹೊಳೆ ದಾಟಿ ಮಿಜೋರಾಂಗೆ ಬಂದಿದ್ದರು. ಅವರನ್ನು ಒಳಗೆ ಬಿಡಬೇಡಿ ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಚ್‌ನಲ್ಲೇ ಗಡಿ ರಾಜ್ಯಗಳಿಗೆ ಸೂಚಿಸಿತ್ತು. ದೊಡ್ಡವರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂಬ ಜಗ್ಗಾಟ ಮುಗಿಯುವ ಮೊದಲೇ ಆ ಪುಟ್ಟ ರಾಜ್ಯ ಮಕ್ಕಳ ವಿಷಯ ಇತ್ಯರ್ಥ ಮಾಡಿಬಿಟ್ಟಿತು. ಮಿಜೋಗಳಿಗೂ ಚಿನ್ನರಿಗೂ ಕರುಳುಬಳ್ಳಿಯ ಸಂಬಂಧ ಇದೆ, ಹಾಗಾಗಿ ಅಲ್ಲಿ ಸುಲಭವಾಯಿತು ಎನ್ನಬಹುದು. ಆದರೆ ಪತ್ರದಲ್ಲಿ ಉಲ್ಲೇಖಿಸಿದ್ದು ನೆಂಟಸ್ತಿಕೆಯನ್ನಲ್ಲ, ಕಾನೂನನ್ನು. ಅದೇ ಕಾನೂನು ಕರ್ನಾಟಕದಲ್ಲೂ ಇದೆ. ಅಂಥ ಪತ್ರವೊಂದು ನಮ್ಮ ಇಲಾಖೆಯಿಂದಲೂ ಹೊರಡಬೇಕು ಎಂದು ಕೇಳುವುದಕ್ಕೇ ಈ ಬರಹ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ನಿವೃತ್ತ ಮುಖ್ಯ ಶಿಕ್ಷಕಿ. ಕೆಲಸ ಶುರುವಾದದ್ದು ಸುಳ್ಯದ ಕಡೆಯ ರಬ್ಬರ್ ತೋಟಗಳ ನಡುವೆ, ಮುಗಿದದ್ದು ಬೆಂಗಳೂರಿನ ಉತ್ತರದ ಅಂಚಿನಲ್ಲಿ. ಎರಡೂ ಕಡೆ ನನ್ನ ತರಗತಿಯಲ್ಲಿ ಊರು ಬಿಟ್ಟು ಬಂದವರ ಮಕ್ಕಳಿದ್ದರು. ಇಂಥ ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ತಡೆಯುವುದು ದ್ವೇಷ ಎಂದು ಹೊರಗಿನವರು ತಿಳಿದಿದ್ದಾರೆ. ದ್ವೇಷವೂ ಇದೆ, ಇಲ್ಲವೆನ್ನಲಾರೆ. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಾಗಿ ತಡೆಯುವುದು ಮುಖ್ಯ ಶಿಕ್ಷಕರ ಹೆದರಿಕೆ.

ಅದು ಎಂಥ ಹೆದರಿಕೆ ಎಂದು ಬಿಡಿಸಿ ಹೇಳುತ್ತೇನೆ. ಗುಜರಿ ಶೆಡ್ಡಿನಿಂದ ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಬರುತ್ತಾಳೆ. ಕೈಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೊಟ್ಟ ಕಾರ್ಡು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ. ಆಧಾರ್ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಟಿ.ಸಿ. ಎಂಬುದಂತೂ ಕೇಳಲೇಬೇಡಿ. ಮುಖ್ಯ ಶಿಕ್ಷಕಿ ಮುಂದೆ ಎರಡು ದಾರಿ. ಒಂದು, 'ನಾಳೆ ಬಾಮ್ಮ' ಎಂದು ಸಾಗಹಾಕುವುದು. ಇನ್ನೊಂದು, ದಾಖಲಾತಿ ವಹಿಯಲ್ಲಿ ಬರೆಯದೆ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿಕೊಳ್ಳುವುದು. ಎರಡನೆಯದು ಕರುಣೆಯಂತೆ ಕಾಣುತ್ತದೆ. ಆದರೆ ಹಾಗೆ ಕೂತ ಮಗುವಿಗೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನ ಸಂಖ್ಯೆ ಇರುವುದಿಲ್ಲ. ಆ ಸಂಖ್ಯೆ ಇಲ್ಲವೆಂದರೆ ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಯಾವುದರ ಲೆಕ್ಕದಲ್ಲೂ ಅದು ಇಲ್ಲ. ಬಿಸಿಯೂಟದ ಅಕ್ಕಿ, ಮೊಟ್ಟೆ ಬರುವುದೂ ಹಾಜರಾತಿಯ ಲೆಕ್ಕದ ಮೇಲೆಯೇ. ಶಾಲೆ ಮುಗಿದಾಗ ಟಿ.ಸಿ. ಕೊಡಲಾಗದು, ಟಿ.ಸಿ. ಇಲ್ಲದೆ ಹೈಸ್ಕೂಲು ಸೇರಿಸಿಕೊಳ್ಳದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಣಿಯೂ ಆಗದು. ವರ್ಷಗಟ್ಟಲೆ ಶಾಲೆಗೆ ಬಂದರೂ ಆ ಮಗು ಕಾಗದದ ಮೇಲೆ ಶಾಲೆಯನ್ನೇ ಕಂಡಿಲ್ಲ.

ಸರಿ, ಬರೆದೇ ಬಿಡೋಣವೆಂದರೆ? ಪರಿವೀಕ್ಷಣೆಗೆ ಬಂದವರು 'ಯಾರನ್ನು ಕೇಳಿ ಸೇರಿಸಿಕೊಂಡ್ರಿ ಮೇಡಂ?' ಎನ್ನುತ್ತಾರೆ. ಪೊಲೀಸರು ಬಂದು ವಹಿ ಕೇಳಬಹುದು. ಯಾರಾದರೂ ವಿಡಿಯೊ ಮಾಡಿ ಹಾಕಬಹುದು. ನಿವೃತ್ತಿಗೆ ಎರಡು ವರ್ಷ ಇರುವಾಗ ಕಾರಣ ಕೇಳಿ ನೋಟಿಸು ಬಂದರೆ ಪಿಂಚಣಿಯ ಗತಿಯೇನು? ಈ ಪ್ರಶ್ನೆಗಳು ರಾತ್ರಿ ನಿದ್ದೆ ಕೆಡಿಸುತ್ತವೆ. ಮೇಲಿನವರಿಗೆ ಫೋನು ಮಾಡಿದರೆ 'ಮಾನವೀಯ ದೃಷ್ಟಿಯಿಂದ ನೋಡ್ಕೊಳ್ಳಿ' ಎನ್ನುತ್ತಾರೆ. 'ಅದನ್ನೇ ಬರವಣಿಗೆಯಲ್ಲಿ ಕೊಡಿ ಸರ್' ಎಂದರೆ ಆ ಕಡೆ ಮೌನ. ಮಾನವೀಯತೆಗೆ ಪತ್ರಸಂಖ್ಯೆ ಇರುವುದಿಲ್ಲ. ಆಡಿಟ್ಟಿಗೆ ಬೇಕಾಗುವುದು ಪತ್ರಸಂಖ್ಯೆ.

ಕಾನೂನು ಸ್ಪಷ್ಟವಾಗಿಯೇ ಇದೆ. 2002ರಲ್ಲಿ ಸಂವಿಧಾನಕ್ಕೆ ಸೇರಿದ 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಇದನ್ನು ಭಾರತದ ಪ್ರಜೆಗಳ ಮಕ್ಕಳಿಗಷ್ಟೇ ಎಂದು ಅದು ಕಟ್ಟಿಹಾಕಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. 4ನೇ ಸೆಕ್ಷನ್ ಶಾಲೆಯನ್ನೇ ಕಾಣದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಿ ಎನ್ನುತ್ತದೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರಿನಲ್ಲೇ ಹೇಳಿದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲೇ ಒಪ್ಪಿಕೊಂಡಿದೆ.

ಮ್ಯಾನ್ಮಾರ್‌ನಿಂದ ಓಡಿಬಂದು ದೆಹಲಿಯಲ್ಲಿರುವ ರೊಹಿಂಗ್ಯಾ ಮಕ್ಕಳ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣದ ವಿಷಯದಲ್ಲಿ ಯಾವ ಮಗುವಿಗೂ ಭೇದ ಮಾಡಬಾರದು ಎಂದಿತು. ಮಕ್ಕಳು ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಲಿ ಎಂದೂ ಹೇಳಿತು. ಮಾತು ದೊಡ್ಡದು, ದಾರಿ ಮಾತ್ರ ದೂರದ್ದು. ದಿನವಿಡೀ ಹಾಲಿನ ಕವರು, ರಟ್ಟು ಬೇರ್ಪಡಿಸುವ ತಾಯಿ ವಕೀಲರನ್ನು ಹುಡುಕಿ ಹೈಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಮಗಳು ಶೆಡ್ಡಿನ ಕೆಲಸಕ್ಕೆ ಪಳಗಿರುತ್ತಾಳೆ.

ಅಂಥ ಒಬ್ಬಳು ನಮ್ಮ ಶಾಲೆಗೂ ಬಂದಿದ್ದಳು. ಒಂಬತ್ತು ವರ್ಷ ಇರಬಹುದು. ಅಕ್ಷರ ಒಂದೂ ಬಾರದು. ಆದರೆ ತೂಕದ ಯಂತ್ರದ ಕೆಂಪು ಅಂಕಿಗಳನ್ನು ಓದಿ ಓದಿ ಸಂಖ್ಯೆಗಳೆಲ್ಲ ಬಾಯಲ್ಲಿದ್ದವು. ರಟ್ಟು ಕಿಲೋಗೆ ಇಷ್ಟಾದರೆ ಏಳೂವರೆ ಕಿಲೋಗೆ ಎಷ್ಟು ಎಂದರೆ ನಾಲ್ಕನೇ ತರಗತಿಯವರು ಬೆರಳು ಮಡಚುವ ಮೊದಲೇ ಉತ್ತರ ಬರುತ್ತಿತ್ತು. ಮೊದಮೊದಲು ಬಿಸಿಯೂಟದ ಮೊಟ್ಟೆಯನ್ನು ತಿನ್ನದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಮನೆಯಲ್ಲಿ ತಮ್ಮ ಇದ್ದಾನೆ ಎಂಬುದು ಆಮೇಲೆ ತಿಳಿಯಿತು. ರಸ್ತೆಯಲ್ಲಿ ಪೊಲೀಸ್ ಜೀಪು ಹೋದರೆ ಡೆಸ್ಕಿನ ಕೆಳಗೆ ಜಾರುತ್ತಿದ್ದಳು. ಇದಕ್ಕೆಲ್ಲ ನಾವು ದೊಡ್ಡ ಚಿಕಿತ್ಸೆಯನ್ನೇನೂ ಮಾಡಲಿಲ್ಲ. ಬಾಗಿಲು ಕಾಣುವ ಕಡೆ ಜಾಗ ಕೊಟ್ಟೆವು. ಮಾತು ಜಾಸ್ತಿ ಆಡುವ ಒಬ್ಬ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿದೆವು. ಪ್ರಾರ್ಥನೆ, ಪಾಠ, ಊಟ, ಆಟ ದಿನವೂ ಅದೇ ಹೊತ್ತಿಗೆ ನಡೆಯುವಂತೆ ನೋಡಿಕೊಂಡೆವು. ಯಾರೂ ಅವಳ ಊರಿನ ಕತೆ ಕೆದಕಬಾರದು ಎಂದು ಸ್ಟಾಫ್ ರೂಮಿನಲ್ಲಿ ತೀರ್ಮಾನ ಮಾಡಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಮೊಟ್ಟೆ ತಟ್ಟೆಯಲ್ಲೇ ಖಾಲಿಯಾಗುತ್ತಿತ್ತು.

ಸಂಕಟದಿಂದ ಬಂದ ಮಕ್ಕಳ ಮಾನಸಿಕ ಆರೋಗ್ಯ ಎಂದೊಡನೆ ನಮಗೆ ಮನೋವೈದ್ಯರು ಕಣ್ಣ ಮುಂದೆ ಬರುತ್ತಾರೆ. ಬೆರಳೆಣಿಕೆಯ ಮಕ್ಕಳಿಗೆ ಅವರು ಬೇಕೇ ಬೇಕು. ರಾತ್ರಿಯೆಲ್ಲ ಕಿರುಚುವ, ತಿಂಗಳುಗಟ್ಟಲೆ ಮಾತೇ ಆಡದ ಮಗುವನ್ನು ಶಾಲೆಯೊಂದೇ ಸರಿಮಾಡಲಾರದು. ಉಳಿದ ಬಹುಪಾಲು ಮಕ್ಕಳಿಗೆ ಬೇಕಾದದ್ದು ಹೆದರಿಕೆಯಿಲ್ಲದ ಜಾಗ, ದಿನವೂ ಸಿಗುವ ಒಬ್ಬ ದೊಡ್ಡವರು, ಹೊಟ್ಟೆಗೆ ಊಟ, ಆಡಲು ಜೊತೆ. ಈ ನಾಲ್ಕೂ ಒಂದೇ ಕಡೆ, ಅದೂ ಪುಕ್ಕಟೆ ಸಿಗುವುದು ಸರ್ಕಾರಿ ಶಾಲೆಯಲ್ಲಿ ಮಾತ್ರ. ಯಾರಿಗೆ ವೈದ್ಯರು ಬೇಕು, ಯಾರಿಗೆ ಬೇಡ ಎಂದು ಗುರುತಿಸಲು ಶಿಕ್ಷಕರಿಗೆ ಒಂದಿಷ್ಟು ತರಬೇತಿ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಕಷ್ಟದ ಮಕ್ಕಳಿಗೆಂದೇ ಕೇಂದ್ರ ಸರ್ಕಾರದ ನೆರವಿನಲ್ಲಿ 'ಸಂವಾದ್' ಎಂಬ ವಿಭಾಗ ಕೆಲಸ ಮಾಡುತ್ತಿದೆ. ಅಂಗಳದಲ್ಲಿರುವ ಬಾವಿಯ ನೀರು ಸೇದುವುದಕ್ಕೆ ಹಗ್ಗ ಹುಡುಕಬೇಕು, ಅಷ್ಟೆ.

ಊರು ಬಿಟ್ಟವರ ಮಕ್ಕಳನ್ನು ಓದಿಸುವುದು ಕರ್ನಾಟಕಕ್ಕೆ ಹೊಸದಲ್ಲ. 1959ರಲ್ಲಿ ದಲೈ ಲಾಮಾ ಅವರ ಹಿಂದೆ ಬಂದ ಟಿಬೆಟನ್ನರು ಹಿಮಾಲಯದ ರಸ್ತೆ ಕೆಲಸಕ್ಕೆ ನಿಂತಾಗ ಅವರ ಮಕ್ಕಳು ರಸ್ತೆ ಬದಿಯಲ್ಲೇ ಕಾಯಿಲೆ ಬಿದ್ದು ಸಾಯುತ್ತಿದ್ದರು. 1960ರ ಮೇ 17ರಂದು ಜಮ್ಮುವಿನ ರಸ್ತೆ ಕೆಲಸದ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲಾಕ್ಕೆ ತಂದರು. ಅವರನ್ನು ನೋಡಿಕೊಳ್ಳಲು ನಿಂತವರು ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. ಮುಂದೆ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಆಗಿ ಬೆಳೆದದ್ದು ಅದೇ. 1961ರಲ್ಲಿ ನೆಹರೂ ಸರ್ಕಾರ ಈ ಮಕ್ಕಳ ಶಾಲೆಗಳಿಗೆಂದೇ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಒಂದು ಸ್ವಾಯತ್ತ ಸಂಸ್ಥೆ ಕಟ್ಟಿತು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು. ಬಂದವರು ವಾಪಸು ಹೋಗುತ್ತಾರೋ ಇಲ್ಲೇ ಇರುತ್ತಾರೋ ಯಾರಿಗೂ ತಿಳಿದಿರಲಿಲ್ಲ. ಅದು ತಿಳಿಯಲಿ ಎಂದು ಯಾರೂ ಶಾಲೆಯನ್ನು ನಿಲ್ಲಿಸಿಕೊಂಡು ಕೂರಲಿಲ್ಲ.

ಆ ಮಕ್ಕಳಿಗೆ ಅವರದೇ ಭಾಷೆ, ಅವರವರೇ ಶಿಕ್ಷಕರು ಸಿಕ್ಕರು. ಅದರಿಂದ ಮಕ್ಕಳು ನೆಟ್ಟಗೆ ನಿಂತರು. ಆದರೆ ಬೇರೆಯದೇ ಶಾಲೆಯಾದ್ದರಿಂದ ಸುತ್ತಲ ಹಳ್ಳಿಯ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂರುವುದು ತಪ್ಪಿತು. ಕುಶಾಲನಗರದ ಸಂತೆಯಲ್ಲಿ ಪಟಪಟನೆ ಕನ್ನಡ ಮಾತಾಡಿ ಚೌಕಾಸಿ ಮಾಡುವ ಟಿಬೆಟನ್ ಹುಡುಗರು ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳುವುದನ್ನು ನಾನೇ ನೋಡಿದ್ದೇನೆ.

ಸುಳ್ಯ, ಪುತ್ತೂರಿನ ಕಡೆ ಆದದ್ದು ಇದರ ತಿರುಗುಮುರುಗು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ ಶ್ರೀಲಂಕಾದ ಚಹಾ ತೋಟಗಳ 5,25,000 ತಮಿಳರನ್ನು ಭಾರತ ವಾಪಸು ಕರೆಸಿಕೊಳ್ಳುವುದೆಂದಾಯಿತು. ಹಾಗೆ ಬಂದವರಲ್ಲಿ ಕೆಲವರಿಗೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಊರವರ ಬಾಯಲ್ಲಿ ಅವರು 'ಸಿಲೋನಿನವರು'. ಕಾಗದದಲ್ಲಿ ನಿರಾಶ್ರಿತರಲ್ಲ, ಮರಳಿ ಬಂದವರು. ಮಕ್ಕಳ ಪಾಡು ಮಾತ್ರ ಅದೇ. ಅವರಿಗೆ ಬೇರೆ ಶಾಲೆ ಇರಲಿಲ್ಲ, ನೇರ ನಮ್ಮ ಕನ್ನಡ ಶಾಲೆಗೇ ಬಂದರು. ಟ್ಯಾಪಿಂಗ್ ಕೆಲಸ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದ ಮೇಲೆ ದೊಡ್ಡ ಮಗು ಚಿಕ್ಕದನ್ನು ಸೊಂಟದ ಮೇಲೆ ಎತ್ತಿಕೊಂಡೇ ತರಗತಿಗೆ ಬರುತ್ತಿತ್ತು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಅರೆಭಾಷೆ, ಪುಸ್ತಕದಲ್ಲಿ ಕನ್ನಡ. ಮೊದಲ ವರ್ಷ ಎಷ್ಟೋ ಮಕ್ಕಳು ಬಾಯಿ ಬಿಡುತ್ತಲೇ ಇರಲಿಲ್ಲ. ಆದರೆ ಒಣಗಿದ ರಬ್ಬರ್ ಹಾಲಿನ ಎಳೆಗಳನ್ನು ಸುತ್ತಿ ಸುತ್ತಿ ಚೆಂಡು ಮಾಡುವುದು ಅವರಿಗೆ ಗೊತ್ತಿತ್ತು. ಸಿಮೆಂಟಿಗೆ ಬಡಿದರೆ ಮಾಡಿನೆತ್ತರ ಪುಟಿಯುವ ಚೆಂಡು. ಆ ಚೆಂಡಿನ ಆಸೆಗೆ ಊರ ಮಕ್ಕಳು ಅವರನ್ನು ಆಟಕ್ಕೆ ಸೇರಿಸಿಕೊಂಡರು. ಹೀಗಾಗಿ ಅವರಿಗೆ ಮೊದಲು ಬಂದದ್ದು ಬೈಗುಳ ಸಮೇತ ತುಳು, ಕನ್ನಡ ಆಮೇಲೆ.

ಅವರ ಮಕ್ಕಳು, ಮೊಮ್ಮಕ್ಕಳು ಇಂದು ಇಲ್ಲಿಯವರೇ. ಆದರೆ ಆ ಮೊದಲ ಮೂಕ ವರ್ಷದಲ್ಲಿ ಶಾಲೆ ಬಿಟ್ಟವರು ಬಿಟ್ಟೇ ಹೋದರು. ತರಗತಿಯಲ್ಲಿ ತಮಿಳು ಬಲ್ಲ ಒಬ್ಬ ಸಹಾಯಕಿ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು. ಉಳಿದವರಿಗೂ ಮುಂದೆ ಇನ್ನೊಂದು ಗೋಡೆ ಎದುರಾಯಿತು. ಅವರ ಜಾತಿ ಇಲ್ಲಿಯ ಪಟ್ಟಿಗೆ ಹೊಂದುತ್ತದೋ ಇಲ್ಲವೋ ಎಂಬ ತಕರಾರಿನಲ್ಲಿ ಜಾತಿ ಪ್ರಮಾಣಪತ್ರ ವರ್ಷಗಟ್ಟಲೆ ಅಲೆದಾಡಿತು, ವಿದ್ಯಾರ್ಥಿವೇತನ ತಪ್ಪಿತು. ಏಳನೇ ತರಗತಿವರೆಗೆ ಕಾಣದ ಕಾಗದದ ತೊಡಕು ಓದು ಮೇಲೇರಿದಂತೆ ಬಿಗಿಯುತ್ತದೆ. ಅದಕ್ಕೇ ದಾಖಲಾತಿಯ ದಿನವೇ ಮುಂದಿನ ದಾರಿಯನ್ನೂ ಯೋಚಿಸಿರಬೇಕು.

ಬೈಲಕುಪ್ಪೆಯಿಂದ ಕಲಿಯಬೇಕಾದದ್ದು ಮಗುವಿನ ಭಾಷೆ ಬಲ್ಲವರೊಬ್ಬರು ಶಾಲೆಯಲ್ಲಿರಬೇಕು ಎಂಬುದು. ಸುಳ್ಯದಿಂದ ಕಲಿಯಬೇಕಾದದ್ದು ಬೆಂಚು ಊರ ಮಕ್ಕಳದೇ ಆಗಿರಬೇಕು ಎಂಬುದು. ಎರಡನ್ನೂ ಕೂಡಿಸುವ ಸಾಧನ ನಮ್ಮಲ್ಲೇ ಇದೆ. 1990ರ ದಶಕದ ನಡುವೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನ ಕಾರ್ಡು ಎತ್ತಿಕೊಂಡು, ತನ್ನ 'ತಟ್ಟೆ'ಯಲ್ಲಿ ಕೂತು ಮುಂದಕ್ಕೆ ಹೋಗುತ್ತದೆ. ನವೆಂಬರಿನಲ್ಲಿ ಬಂದ ಮಗುವಿಗೂ ಮೊದಲ ಮೆಟ್ಟಿಲು ಕಾದಿರುತ್ತದೆ, 'ಪೋರ್ಷನ್ ಹೋಯಿತು' ಎಂಬ ಮಾತಿಲ್ಲ. ವಯಸ್ಸು ಮೀರಿದವರಿಗೆ ಚಿಣ್ಣರ ಅಂಗಳದ ಸೇತುಬಂಧ ಶಿಕ್ಷಣ ನಡೆಸಿದ ಅನುಭವವೂ ಇಲಾಖೆಗಿದೆ. ಕಟ್ಟಡ ಕೆಲಸದವರ ಮಕ್ಕಳಿಗೆ ಟೆಂಟ್ ಶಾಲೆ ನಡೆಸಿದವರು ನಾವೇ ಅಲ್ಲವೇ? ನಲಿ-ಕಲಿಯ ಆ ಕಾರ್ಡುಗಳ ಜೊತೆಗೆ ಮಗುವಿನ ಭಾಷೆ ಬಲ್ಲ, ಅದೇ ಸಮುದಾಯದ ಒಬ್ಬ ಓದಿದ ಯುವತಿಯನ್ನು ಗೌರವಧನ ಕೊಟ್ಟು ಕೂರಿಸಿದರೆ ಮೂಕ ವರ್ಷ ಕೆಲವು ತಿಂಗಳಿಗೆ ಇಳಿಯುತ್ತದೆ.

ನಮ್ಮ ಮಕ್ಕಳಿಗೇ ಇಲ್ಲ, ಇವರಿಗೆಲ್ಲಿಂದ ತರುವುದು ಎಂಬ ಮಾತು ಬರುತ್ತದೆ. ಕೊಠಡಿ ಸೋರುವ, ಶಿಕ್ಷಕರಿಲ್ಲದ ಶಾಲೆಗಳನ್ನು ನೋಡಿದವಳು ನಾನು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಹತ್ತು ಮಕ್ಕಳೂ ಇಲ್ಲವೆಂದು ವಿಲೀನದ ಪಟ್ಟಿಗೆ ಬೀಳುವ ಸರ್ಕಾರಿ ಶಾಲೆಗಳು ರಾಜ್ಯದಲ್ಲಿ ನೂರಾರಿವೆ. ಸೀಟು ತುಂಬಿ ತುಳುಕುತ್ತಿದೆ ಎಂದು ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ಭದ್ರತೆಯ ಮಾತೂ ಬರುತ್ತದೆ. ದೊಡ್ಡವರು ಯಾರು, ಎಲ್ಲಿಯವರು ಎಂದು ವಿಚಾರಿಸುವುದು ಸರ್ಕಾರದ ಕೆಲಸ, ಮಾಡಲಿ. ಆ ವಿಚಾರಣೆ ಹತ್ತು ವರ್ಷ ನಡೆದರೂ ಮಗುವಿನ ಎಂಟನೇ ವರ್ಷ ಒಂದೇ ಸಲ ಬರುವುದು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವ ಹುಡುಗಿ ದಿನವೂ ಒಬ್ಬರ ಕಣ್ಣಿಗೆ ಬೀಳುತ್ತಾಳೆ. ಹದಿಮೂರಕ್ಕೇ ಮದುವೆಯಾಗಿ, ಇಲ್ಲವೇ ಯಾರದೋ ಮನೆಗೆಲಸಕ್ಕೆ ಸೇರಿ ಮಾಯವಾಗುವುದು ಶಾಲೆಯಲ್ಲಿಲ್ಲದ ಹುಡುಗಿ.

ಬಾಂಗ್ಲಾದೇಶದ ಕಾಕ್ಸ್ ಬಜಾರ್ ಕಡೆ ಒಮ್ಮೆ ನೋಡಿ. 2017ರ ಆಗಸ್ಟಿನಿಂದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಬಂದರು. ಅಲ್ಲಿ ಮಕ್ಕಳನ್ನು ದೇಶದ ಶಾಲೆಗಳಿಗೆ ಸೇರಿಸದೆ ಶಿಬಿರದೊಳಗೇ ಬಿದಿರಿನ ಕಲಿಕಾ ಕೇಂದ್ರಗಳನ್ನು ಮಾಡಿದರು, ಹೊರಗಿನ ದಾನಿಗಳ ದುಡ್ಡಿನಲ್ಲಿ. 2025ರಲ್ಲಿ ದಾನಿಗಳು ಕೈ ಬಿಗಿಹಿಡಿದರು. ಯುನಿಸೆಫ್ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರನ್ನು ಕೈಬಿಡಬೇಕಾಯಿತು, ಕೇಂದ್ರಗಳು ಬಾಗಿಲು ಹಾಕಿದವು. ಜಗತ್ತಿನಲ್ಲಿ ಶಾಲೆಯ ವಯಸ್ಸಿನ ನಿರಾಶ್ರಿತ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಶಾಲೆಯ ಹೊರಗಿದ್ದಾರೆ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ವರ್ಷ ವರ್ಷ ಹೇಳುತ್ತಿದೆ. ದಾನದ ದುಡ್ಡಿನ ಶಾಲೆ ದಾನಿಯ ಮನಸ್ಸು ಇರುವ ತನಕ. ಇರುವ ಸರ್ಕಾರಿ ಶಾಲೆಗೇ ಮಗುವನ್ನು ಸೇರಿಸಿದರೆ ಅದು ಬಜೆಟ್ಟಿನ ಸಾಲಿನಲ್ಲಿ ಸೇರಿಹೋಗುತ್ತದೆ. ಲಂಕಾದಲ್ಲಿ 1983ರ ಗಲಭೆಯಾದ ಮೇಲೆ ಬಂದ ಮಕ್ಕಳಿಗೆ ತಮಿಳುನಾಡು ಸರ್ಕಾರಿ ಶಾಲೆಗಳ ಬಾಗಿಲನ್ನೇ ತೆರೆಯಿತು. ಶಿಬಿರಗಳಲ್ಲಿ ಹುಟ್ಟಿ ಪದವಿ ಪಡೆದವರು ಅಲ್ಲಿ ಇದ್ದಾರೆ.

ಹಾಗಾದರೆ ನಮ್ಮ ಸುತ್ತೋಲೆಯಲ್ಲಿ ಏನಿರಬೇಕು? ಒಂದು, ಪಾಲಕರ ಸ್ವಯಂ ಘೋಷಣೆಯ ಮೇಲೆ ಬಂದ ದಿನವೇ ದಾಖಲಾತಿ. ಎರಡು, ಆಧಾರ್ ಇಲ್ಲದೆಯೂ ಸ್ಯಾಟ್ಸ್‌ನಲ್ಲಿ ಸಂಖ್ಯೆ ಸೃಷ್ಟಿಸುವ ಅವಕಾಶ, ಅದೇ ಸಂಖ್ಯೆಯಲ್ಲಿ ಟಿ.ಸಿ. ಮತ್ತು ಎಸ್ಸೆಸ್ಸೆಲ್ಸಿ ನೋಂದಣಿ. ಮೂರು, ಅದೇ ಶಾಲೆಯಲ್ಲಿ ಸೇತುಬಂಧ ಶಿಕ್ಷಣ, ಭಾಷೆ ಬಲ್ಲ ಸಹಾಯಕಿ, ಶಿಕ್ಷಕರಿಗೆ ನಿಮ್ಹಾನ್ಸ್ ತರಬೇತಿ. ನಾಲ್ಕು, ಶಾಲೆಗೆಂದು ಪಡೆದ ಮಾಹಿತಿ ಶಾಲೆಯ ಕೆಲಸಕ್ಕಷ್ಟೇ. ಇಲ್ಲವಾದರೆ ಹೆದರಿದ ತಾಯಂದಿರು ಗೇಟಿನ ಹತ್ತಿರವೂ ಸುಳಿಯುವುದಿಲ್ಲ. ಐದು, ಈ ಆದೇಶದಂತೆ ಸೇರಿಸಿಕೊಂಡ ಮುಖ್ಯ ಶಿಕ್ಷಕರನ್ನು ಯಾರೂ ಹೊಣೆ ಮಾಡುವಂತಿಲ್ಲ ಎಂಬ ಒಂದು ಸಾಲು. ನನ್ನ ಪ್ರಕಾರ ಉಳಿದ ನಾಲ್ಕು ಜೀವ ಹಿಡಿದುಕೊಳ್ಳುವುದು ಈ ಐದನೆಯ ಸಾಲಿನಿಂದ. ಇದಕ್ಕೆ ಹೊಸ ಕಾಯ್ದೆ ಬೇಡ, ವಿಧಾನಸಭೆಯ ಚರ್ಚೆ ಬೇಡ. ಆಯುಕ್ತರ ಒಂದು ಸಹಿ ಸಾಕು.

ದಾಖಲಾತಿ ಆಂದೋಲನದ ಬ್ಯಾನರು ಕಟ್ಟುವ ಮೊದಲು ಆ ಸಹಿ ಬೀಳಲಿ. ಬೀಳುವ ತನಕ ನನ್ನ ಸಹೋದ್ಯೋಗಿಗಳಿಗೆ ಒಂದು ಮಾತು. ಮಗು ಬಂದರೆ ವಹಿ ತೆರೆದು ಹೆಸರು ಬರೆಯಿರಿ. 'ದಾಖಲೆ ಲಭ್ಯವಿಲ್ಲ, ಶಿಕ್ಷಣ ಹಕ್ಕು ಕಾಯ್ದೆ ಸೆಕ್ಷನ್ 14ರಂತೆ ಪ್ರವೇಶ ನೀಡಲಾಗಿದೆ' ಎಂದು ಷರಾ ಹಾಕಿ. ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪ್ರಶ್ನೆ ಬಂದರೆ ಆ ಸ್ವೀಕೃತಿಯನ್ನು ಮುಂದಿಡಿ. ಸೇರಿಸಿಕೊಳ್ಳಬೇಡಿ ಎನ್ನುವವರಿದ್ದರೆ, ಅದನ್ನು ಬರವಣಿಗೆಯಲ್ಲಿ ಕೊಡುವ ಸರದಿ ಅವರದು.